ನಿಂತಲ್ಲೇ ಇಳಿಯುತ್ತಿದ್ದ ಬ್ಯಾಟರಿ

ಹೋದ ವರ್ಷ ಗಣೇಶ ಚೌತಿ ಮುಗಿದ ವಾರ ಇದು ಶುರುವಾಯಿತು. ನಾವಿರುವುದು ದಾಂಡೇಲಿ ಹತ್ತಿರದ ಕೋಗಿಲಬನದಲ್ಲಿ. ನಾನು ಅಲ್ಲಿಯ ಶಾಲೆಯಲ್ಲಿ ಶಿಕ್ಷಕಿ, ನಮ್ಮ ಯಜಮಾನರು ಕಾಗದದ ಕಾರ್ಖಾನೆಯಲ್ಲಿದ್ದವರು. ಕಿಡ್ನಿ ಕೆಟ್ಟ ಮೇಲೆ ಅವರನ್ನು ಮಂಗಳವಾರ, ಶುಕ್ರವಾರ ಧಾರವಾಡಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಕಾರು ಓಡಿಸುವವಳು ನಾನೇ. ಶಾಲೆಗೆ ನಡೆದು ಹೋಗುತ್ತೇನಾದ್ದರಿಂದ ಉಳಿದ ದಿನ ಕಾರು ಅಂಗಳದಲ್ಲೇ ನಿಂತಿರುತ್ತದೆ.

ಆ ಶುಕ್ರವಾರ ಕೀಲಿ ತಿರುವಿದರೆ ಟಿಕ್ ಅಂತ ಒಂದು ಸದ್ದು, ಅಷ್ಟೇ. ದಾಂಡೇಲಿಯಿಂದ ಬಾಡಿಗೆ ಗಾಡಿ ಬಂದು ನಾವು ಧಾರವಾಡ ಮುಟ್ಟುವಷ್ಟರಲ್ಲಿ ನಮ್ಮ ಪಾಳಿ ದಾಟಿತ್ತು. ಮಂಗಳವಾರದ ಪಾಳಿ ಬರುವವರೆಗೆ ಅವರ ಕಾಲು ಬಾತು, ಮಲಗಲಾರದೆ ಕೂತೇ ಉಸಿರಾಡಿದರು.

ಹೊಸ ಬ್ಯಾಟರಿ ಹಾಕಿಸಿದೆ. ಎರಡು ಸಲ ಸರಿಯಾಗಿ ಚಾಲೂ ಆಯಿತು, ಮೂರನೆಯ ಸಲ ಮತ್ತೆ ಟಿಕ್. ನಾನು ಮೊದಲೇ ಮುಂಗೋಪಿ. ಬ್ಯಾಟರಿ ಅಂಗಡಿಗೆ ಹೋಗಿ, ಹಳೆಯದನ್ನೇ ತೊಳೆದು ಕೊಟ್ಟಿದ್ದೀರಿ ಅಂತ ನಾಲ್ಕು ಜನರ ಮುಂದೆ ಜಗಳ ತೆಗೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ ಇರಬೇಕು. ಶಾಲೆಯಲ್ಲಿ ಮಗ್ಗಿ ಹೇಳಿಸುವಾಗಲೂ ಕಾರೇ ಕಣ್ಣಮುಂದೆ. ಸೋಮವಾರ, ಗುರುವಾರ ಬಂದರೆ ಅನ್ನ ಸೇರುತ್ತಿರಲಿಲ್ಲ. ಇನ್ನೊಂದು ಪಾಳಿಯೂ ತಪ್ಪಿತು.

ಕೊನೆಗೆ ಪಕ್ಕದ ಮನೆಯವರ ಗಾಡಿಯಿಂದ ಕರೆಂಟ್ ಕೊಟ್ಟು ಚಾಲೂ ಮಾಡಿ, ಹಳಿಯಾಳ ರಸ್ತೆಯಲ್ಲಿ ಗಾಡಿಗಳ ವಾಯರಿಂಗ್ ಮಾಡುವ ಬಸ್ತ್ಯಾಂವನ ಹತ್ತಿರ ಒಯ್ದೆ. ಅವನು ಬ್ಯಾಟರಿಯ ಒಂದು ವಾಯರ್ ಬಿಚ್ಚಿ, ನಡುವೆ ಸಣ್ಣ ಬಲ್ಬು ಜೋಡಿಸಿದ. "ಎಲ್ಲಾ ಬಂದ್ ಇದ್ದಾಗೂ ಏನರೆ ಕರೆಂಟ್ ಎಳೀತಿದ್ರ ಇದು ಉರೀತೈತ್ರಿ ಅಕ್ಕಾರ" ಅಂದ. ಒಂದು ತಾಸು ಕಾದೆವು. ಬಲ್ಬು ಮಿಣುಕ್ ಅನ್ನಲಿಲ್ಲ.

"ಗಾಡಿಯೊಳಗ ದೋಷ ಇಲ್ಲ" ಅಂದ.

"ಹಂಗಾದ್ರ ಬ್ಯಾಟರಿ ಯಾರ ತಿನ್ನಾಕತ್ತಾರ?" ಅಂತ ರೇಗಿದೆ.

ಅವನಿಗೆ ಸಿಟ್ಟು ಬರಲಿಲ್ಲ. "ಇಲ್ಲಿ ತಂದ್ರ ಕಾಣೂದಿಲ್ಲ ರೀ. ನಿಂತಲ್ಲೆ ಹೋಗಿ ನೋಡಬೇಕು. ಗುರುವಾರ ನಾನ ಬರ್ತೇನಿ. ಮಂಗಳವಾರ ಧಾರವಾಡದಿಂದ ಬಂದ ಮ್ಯಾಲೆ ಅಲ್ಲೀತನಕ ಗಾಡಿ ಮುಟ್ಟಬ್ಯಾಡ್ರಿ, ಹೊದಿಸಿದ್ದು ತಗೀಬ್ಯಾಡ್ರಿ."

ನಮ್ಮಲ್ಲಿ ಮಳೆಗಾಲವೆಲ್ಲ ಕಾರಿಗೆ ತಾಡಪತ್ರಿ ಹೊದಿಸಿರುತ್ತೇವೆ. ಹೊದಿಸುವುದು, ತೆಗೆಯುವುದು ಯಜಮಾನರ ಕೆಲಸ. ಮನೆಯ ಬೇರೆಲ್ಲ ಕೆಲಸ ನಾನು ಕಸಿದುಕೊಂಡಿದ್ದೆ, ಇದೊಂದನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ದಣಿಯುತ್ತಾರೆ ಅಂತ ಕೈ ಹಾಕಿದರೆ, "ಇದರೆ ಇರಲಿ ಬಿಡು" ಅನ್ನುತ್ತಿದ್ದರು.

ಗುರುವಾರ ಮಧ್ಯಾಹ್ನ ಬಸ್ತ್ಯಾಂವ ಬಂದಾಗ ಅವರು ಊಟ ಮಾಡಿ ಮಲಗಿದ್ದರು. ಇಬ್ಬರೂ ಸೇರಿ ಹಗ್ಗ ಬಿಚ್ಚಿ ತಾಡಪತ್ರಿ ಎತ್ತಿದೆವು. ಕಾರಿನೊಳಗೆ ಛಾವಣಿಯ ದೀಪ ಮಂಕಾಗಿ ಉರಿಯುತ್ತಿತ್ತು.

ಬಾಗಿಲು ಹಾಕಿದರೆ ಆರುವ ದೀಪ ಅದು. ಅದರ ಗುಂಡಿಯನ್ನು ಒಂದು ಕಡೆಗೆ ಒತ್ತಿಟ್ಟರೆ ಮಾತ್ರ ಸದಾ ಉರಿಯುತ್ತದೆ. ಮಂಗಳವಾರ ಸಂಜೆಯಿಂದ ತಾಡಪತ್ರಿಯ ಒಳಗೆ ಯಾರಿಗೂ ಕಾಣದಂತೆ ಉರಿದಿತ್ತು.

"ಮರತಿರಬೇಕು ಇವರು" ಅಂದೆ.

ಬಸ್ತ್ಯಾಂವ ಗುಂಡಿ ಸರಿಸಿ ದೀಪ ಆರಿಸಿದ. "ಒಂದ್ ಸಲ ಆದ್ರ ಮರವು ರೀ ಅಕ್ಕಾರ. ಪ್ರತಿ ಸಲ ತಾಡಪತ್ರಿ ತಗಿಯೂ ಮುಂದ ಆರಿಸ್ಯಾರ, ಅದಕ್ಕ ನಮಗ ಕಂಡಿಲ್ಲ" ಅಂದು ನೆಲ ನೋಡಿದ. "ನಾ ಬ್ಯಾಟರಿ ಒಯ್ದು ಚಾರ್ಜ್ ಮಾಡಿ, ನಾಳೆ ನಸಕಿನ್ಯಾಗ ತಂದು ಕೂಡಸ್ತೇನಿ. ನೀವು ಸಾಹೇಬ್ರ ಕೂಡ ಮಾತಾಡ್ರಿ."

ಒಳಗೆ ಹೋದಾಗ ಅವರು ಎದ್ದು ಕೂತಿದ್ದರು. ಕಿಟಕಿಯಿಂದ ಎಲ್ಲ ನೋಡಿದ್ದಾರೆಂದು ಮುಖವೇ ಹೇಳಿತು. ಯಾಕೆ ಅಂದೆ.

"ಸಾಕಾಗೇತಿ ಗಿರಿಜಾ" ಅಂದರು. "ವಾರಕ್ಕ ಎರಡ ಸಲ ಆ ಸೂಜಿ, ಆ ದಾರಿ. ನೀ ಸಾಲಿ ಬಿಡೂದು. ಬರೂದಿಲ್ಲ ಅಂದ್ರ ನೀ ಅಳತಿ. ಗಾಡಿನ ಚಾಲೂ ಆಗಲಿಲ್ಲಂದ್ರ ಯಾರ್ದೂ ತಪ್ಪಿಲ್ಲಲಾ."

ಅವರ ಪಕ್ಕದಲ್ಲಿ ಕೂತು ಬಾತ ಕಾಲುಗಳನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ಸಂಜೆಯವರೆಗೆ ಹಾಗೇ ಕೂತಿದ್ದೆವು.

ಶುಕ್ರವಾರ ಬೆಳಿಗ್ಗೆ ಬಸ್ತ್ಯಾಂವ ಬ್ಯಾಟರಿ ಕೂಡಿಸಿ ಹೋದ. ಮೊದಲ ಸಲಕ್ಕೇ ಕಾರು ಚಾಲೂ ಆಯಿತು. ಅವತ್ತು ನಾನು ಅವರನ್ನು ಅವಸರ ಮಾಡಲಿಲ್ಲ, ಕರೆಯಲೂ ಇಲ್ಲ. ಕಾರಿನಲ್ಲಿ ಕೂತು ಬಾಗಿಲನ್ನೇ ನೋಡಿದೆ. ಹತ್ತು ನಿಮಿಷವಾದರೂ ಆಗಿರಬೇಕು. ಅಷ್ಟರಲ್ಲಿ ನಾನು ಹರಕೆ ಹೊರದ ದೇವರಿಲ್ಲ. ಆಮೇಲೆ ಅವರು ಬಂದು ಪಕ್ಕದಲ್ಲಿ ಕೂತರು.

"ಹೋಗೂಣು" ಅಂದರು. "ಬ್ಯಾಡ ಅನಿಸಿದ ದಿನ ಬಾಯಿ ಬಿಟ್ಟ ಹೇಳ್ತೇನಿ. ಬೈಬ್ಯಾಡ."

ಹೂಂ ಅಂದೆ.

ಆಮೇಲೆ ಎರಡು ಸಲ ಬ್ಯಾಡ ಅಂದಿದ್ದಾರೆ. ಎರಡೂ ಸಲ ಮಾತಾಡಿ, ಅತ್ತು, ತಡವಾಗಿಯಾದರೂ ಹೊರಟಿದ್ದೇವೆ. ಅವರು ಬಂದು ಕೂರುವವರೆಗೆ ಈಗಲೂ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಬ್ಯಾಟರಿ ಅಂಗಡಿಯವರ ಹತ್ತಿರ ಹೋಗಿ ತಪ್ಪಾಯಿತು ಅಂದೆ, ಅವರು ನಕ್ಕು ಚಹಾ ತರಿಸಿದರು. ಆ ಒಂದೂವರೆ ತಿಂಗಳು ಕಾರಿಗೆ ಏನಾಗಿದೆ ಎಂದು ಕಂಡಕಂಡವರನ್ನೆಲ್ಲ ಕೇಳಿದ್ದೆ. ನಿಮಗೆ ಹೇಗಾಗುತ್ತಿದೆ ಎಂದು ಪಕ್ಕದ ಸೀಟಿನಲ್ಲಿ ಕೂತವರನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.