ಸಡಿಲ ಬಿಟ್ಟ ಕೈ

ಮಣಿಕಟ್ಟನ್ನು ನಾನು ಬಿಗಿಯಾಗಿ ಹಿಡಿದದ್ದೇ ತಡ, ವೀಣಾಳ ತೋಳು ಒದ್ದೆ ಬಟ್ಟೆಯಂತೆ ಜೋತುಬಿತ್ತು. (ಹೆಸರು ಬದಲಿಸಿದ್ದೇನೆ.) ಶಿರಸಿಯಲ್ಲಿ ಹೆಂಗಸರಿಗಾಗಿ ನಡೆಯುವ ಸಂಜೆಯ ಕರಾಟೆ ತರಗತಿ ಅದು. ಹಿಡಿದವರೊಡನೆ ಜಗ್ಗಾಡದೆ, ಭುಜ ಇಳಿಬಿಟ್ಟು, ಬೆನ್ನು ನೆಟ್ಟಗಿಟ್ಟು, ಸೊಂಟ ತಿರುಗಿಸಿ ಕೈ ಬಿಡಿಸಿಕೊಳ್ಳುವುದು ಅಂದಿನ ಪಾಠ.

ದಾಸನಕೊಪ್ಪದ ಕಡೆಯ ನಮ್ಮ ಮೇಷ್ಟ್ರು ಹಿಗ್ಗಿದರು. "ನೋಡ್ರಿ, ಭುಜ ಹಿಂಗ ಸಡಿಲ ಇರಬೇಕು! ನೀವೊಬ್ರು ಅಕ್ಕಾರ, ಬೇಲಿ ಗೂಟದಂಗ ನಿಂತೀರಿ," ಎಂದು ನನ್ನತ್ತ ಕೈ ತೋರಿಸಿದರು. ಎಲ್ಲರೂ ನಕ್ಕರು. ವೀಣಾ ನಗಲಿಲ್ಲ, ಕೈ ಬಿಡಿಸಿಕೊಳ್ಳಲೂ ಇಲ್ಲ. ಅವಳ ಅಂಗೈ ತಣ್ಣಗಿತ್ತು. ನನ್ನ ಬೆರಳಿನಡಿ ನಾಡಿ ಓಡುತ್ತಿತ್ತು. ಇಷ್ಟು ಸಡಿಲವಾದ ಮೈಯಲ್ಲಿ ನಾಡಿ ಏಕೆ ಹೀಗೆ ಓಡುತ್ತಿದೆ ಎಂದು ನನಗೆ ಅರ್ಥವಾಗಲಿಲ್ಲ.

ಸಿದ್ದಾಪುರದ ಬಸ್ಸಿಗೆ ಅವಳು ಕಾಯುತ್ತಿದ್ದಾಗ, "ಅಷ್ಟು ಸಡಿಲ ಬಿಡಲೆ ಎಲ್ಲಿ ಕಲ್ತೆ ಮಾರಾಯ್ತಿ?" ಎಂದು ಕೇಳಿದೆ.

"ಆನು ಎಂತದೂ ಕಲ್ತಿದ್ನಿಲ್ಲೆ ಅಕ್ಕ. ಎಮ್ಮನೆಯವ್ರು ಕೈ ಹಿಡ್ಕಂಡು ಹೊಡೆದಾಗ್ಲೂ ಹಿಂಗೇ ಬಿಟ್ಬಿಡ್ತೆ. ಹಂಗೆ ಬಿಟ್ರೆ ಬೇಗ ಮುಗೀತು."

ಬಸ್ಸು ಬಂತು. ಅವಳು ಹತ್ತಿ ಹೋದಳು.

ಏನು ಹೇಳಬೇಕಿತ್ತು, ಯಾರಿಗೆ ಹೇಳಬೇಕಿತ್ತು ಎಂದು ಈಗಲೂ ತಿಳಿಯುತ್ತಿಲ್ಲ. ಮುಂದಿನ ತರಗತಿಯಲ್ಲಿ ಮತ್ತೆ ಅವಳಿಗೇ ಜೊತೆಯಾದೆ. ಮೇಷ್ಟ್ರು "ಹಿಡೀರಿ" ಎಂದರು. ಅವಳ ಮಣಿಕಟ್ಟು ಹಿಡಿಯಲು ನನ್ನ ಕೈ ಏಳಲಿಲ್ಲ. ಅವಳೇ ಹಿಡಿಯಲಿ ಎಂದು ನನ್ನ ಕೈಯನ್ನು ಚಾಚಿ ನಿಂತೆ.