ಮಗಳಿಗೆ ಹೇಳಿದ ಬೆಳಕಿನ ಪಾಠ

ಯುದ್ಧದ ಕಾಲ. ಕುಂದಾಪುರದ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಮದರಾಸಿನಲ್ಲಿ ಓದುವಾಗ ತಲೆಗೆ ಹೊಕ್ಕ ಒಂದು ವಿಷಯ ಮದುವೆಯಾದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ. ಬೆಳಕು ಅಲೆಯಂತೆಯೂ ಬರುತ್ತದೆ, ಕಣಗಳಂತೆಯೂ ಬರುತ್ತದೆ ಎನ್ನುವುದು. ಊಟಕ್ಕೆ ಕೂತರೂ ಹೆಂಡತಿಗೆ ಅದನ್ನೇ ಹೇಳುವೆ. ಒಂದೇ ವಸ್ತು ಎರಡಾಗುವುದು ಹೇಗೆಂದು ಅವಳು ನಗುತ್ತ ಕೇಳುವಳು. ನೋಡುವ ರೀತಿಯ ಮೇಲೆ ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೂ ತಿಳಿದಿರಲಿಲ್ಲ.

ನಮಗೆ ಹೆಣ್ಣುಮಗು ಹುಟ್ಟಿತು. ತಿಂಗಳುಗಳು ಕಳೆದರೂ ಅದು ದೀಪದ ಕಡೆ ಕಣ್ಣು ತಿರುಗಿಸಲಿಲ್ಲ. ಕೆಲವು ಮಕ್ಕಳು ನಿಧಾನ ಎಂದು ನನ್ನ ತಾಯಿ ಸಮಾಧಾನ ಹೇಳಿದರು. ಕೊನೆಗೆ ಮಂಗಳೂರಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರು ಮಗುವಿನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಅದಕ್ಕೆ ದೃಷ್ಟಿಯಿಲ್ಲವೆಂದು, ಹೆಂಡತಿಗೆ ತಿಳಿಯದಿರಲೆಂದು, ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಅವಳು ಅವರನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಅಷ್ಟು ಸಾಕಾಯಿತು.

ವಾಪಸು ಬರುವಾಗ ಬ್ರಹ್ಮಾವರ ದಾಟಿ, ಬಸ್ಸಿಳಿದು ದೋಣಿಯಲ್ಲಿ ಹೊಳೆ ದಾಟಬೇಕಿತ್ತು. ನೀರಿನ ಮೇಲೆ ಬಿಸಿಲು ಹೊಳೆಯುತ್ತಿತ್ತು. ಹೆಂಡತಿ ಅದನ್ನು ನೋಡುತ್ತ ಕೇಳಿದಳು: "ಬೆಳ್ಕ್ ಎರಡ್ ನಮೂನಿ ಬತ್ತ್ ಅಂದಿದ್ರಿ ಅಲ್ದಾ? ಅದ್ರಾಗ್ ಒಂದ್ ನಮೂನಿಯಾರೂ ಈ ಮಗಿಗ್ ಮುಟ್ಟುದಿಲ್ಯಾ?"

ನಾನು ದೋಣಿಯ ಅಂಚು ಹಿಡಿದುಕೊಂಡು ಕೂತೆ.

ಮಗಳು ಮಾತುಗಾತಿಯಾಗಿ ಬೆಳೆದಳು. ಹೆಜ್ಜೆಯ ಸದ್ದಿನಿಂದಲೇ ಬಂದವರು ಯಾರೆಂದು ಹೇಳುತ್ತಿದ್ದಳು. ಆಗ ಅವಳಿಗೆ ಐದು ವರ್ಷವಿದ್ದಿರಬೇಕು. ಬೆಳಗಾಯಿತು, ಬೆಳಕಾಯಿತು ಎಂದು ಎಲ್ಲರೂ ಹೇಳುತ್ತೀರಲ್ಲ, ಬೆಳಕೆಂದರೆ ಏನು ಎಂದು ಒಂದು ದಿನ ಹಟ ಹಿಡಿದು ಕೂತಳು. ಅವಳನ್ನು ಮರವಂತೆಗೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ಅಕ್ಕನ ಮನೆ. ಕಡಲ ಅಂಚಿನಲ್ಲಿ ಎತ್ತಿ ನಿಲ್ಲಿಸಿದಾಗ ತೆರೆ ಬಂದು ಅವಳ ಮೊಣಕಾಲಿಗೆ ಬಡಿಯಿತು. ಬೆಳಕು ಹೀಗೆ ಬರುತ್ತದೆ ಎಂದೆ. ಮತ್ತೆ ಒಣಮರಳನ್ನು ಅವಳ ಅಂಗೈಗೆ ಸುರಿದು, ಹೀಗೂ ಬರುತ್ತದೆ ಎಂದೆ. ಅವಳು ಮರಳನ್ನು ಬೆರಳಲ್ಲಿ ತಿಕ್ಕುತ್ತ ಕೇಳಿದಳು:

"ಅಪ್ಪಯ್ಯ, ಬೆಳ್ಕಿಗೆ ಸದ್ದ್ ಇತ್ತಾ?"

ಇಲ್ಲ ಎಂದೆ.

"ಹಾಂಗಾರೆ ಅದ್ ಬಂದದ್ ನಿಮ್ಗೆಲ್ಲ ಹ್ಯಾಂಗ್ ಗೊತ್ತಾತ್ತ್?"

ಕಣ್ಣಿನಿಂದ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮನೆಗೆ ಹೋಗಿ ಹೇಳುವೆನೆಂದೆ. ಅವಳು ನಂಬಿದಳು. ಅಕ್ಕನ ಮನೆ ತಲುಪುವವರೆಗೂ ನನ್ನ ಹೆಗಲ ಮೇಲೆ ಕೂತು ಹಾಡಿಕೊಳ್ಳುತ್ತಿದ್ದಳು.

ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಹೊಳೆ ಉಕ್ಕಿ ದೋಣಿ ನಿಂತಿದ್ದರಿಂದ ಮಂಗಳೂರಿಗೆ ಒಯ್ಯಲಾಗಲಿಲ್ಲ. ಊರಿನ ಪಂಡಿತರು ಬಂದು ಕಷಾಯ ಕೊಟ್ಟರು. ಜ್ವರ ಇಳಿಯಲಿಲ್ಲ. ಒಂದು ಬೆಳಿಗ್ಗೆ ತಾಯಿಯ ತೊಡೆಯ ಮೇಲೆಯೇ ಹೋದಳು.

ಕೆಲವು ವಾರ ಕಳೆದು ಶಾಲೆಯಲ್ಲಿ ಬೆಳಕಿನ ಪಾಠ ಬಂತು. ಬೋರ್ಡಿನ ಮೇಲೆ ಒಂದು ಗೆರೆ ಎಳೆದೆ. ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಬಂದೆ. ಹೆಡ್‌ಮಾಸ್ತರರು ಏನನ್ನೂ ಕೇಳದೆ ನನಗೆ ಲೆಕ್ಕದ ಪಾಠ ಕೊಟ್ಟರು.

ಮಗಳು ಹೋದ ಮೇಲೆ ಹೆಂಡತಿ ಸಾಲಿಗ್ರಾಮದ ತವರಿಗೆ ಹೋಗಿದ್ದಳು. ದೀಪಾವಳಿ ಕಳೆದ ಮೇಲೆ ಕರೆಯಲು ಹೋದೆ. ಅವಳು ಬಟ್ಟೆಯ ಗಂಟು ಹಿಡಿದು ಹೊರಟು ಬಂದಳು. ಬಸ್ಸಿನಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕೂತಳು. ನಮಗೆ ಮತ್ತೆ ಮಕ್ಕಳಾಗಲಿಲ್ಲ.