ಆಡದೇ ಉಳಿದ ಕಡೆಯ ಸಾಲು

ದೆವ್ವ ಕಂಡೆ, ದನಿ ಕೇಳಿದೆ ಎಂದು ಯಾರಾದರೂ ಶುರುಮಾಡಿದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ರೆಕಾರ್ಡಿಂಗ್ ಇದೆಯಾ?" ಇಲ್ಲ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಸ್ಯಾನ್ ಡಿಯಾಗೋದ ಕನ್ನಡ ಮಂದಿ ಒಬ್ಬೊಬ್ಬರು ಒಂದೊಂದು ಅಡಿಗೆ ತಂದು ಉಣ್ಣುವ ಪಾಟ್‌ಲಕ್‌ಗಳಲ್ಲಿ ಇಂಥ ಕಥೆಗಳನ್ನು ನಾನು ಎಷ್ಟು ಕೆಡಿಸಿದ್ದೇನೆಂದರೆ, ನಾನು ತಟ್ಟೆ ಹಿಡಿದು ಹತ್ತಿರ ಬಂದರೆ ಜನ ವಿಷಯವನ್ನೇ ಬದಲಿಸುತ್ತಿದ್ದರು. ನನ್ನ ಕೆಲಸವೂ ಅಂಥದ್ದೇ. ಕರ್ನಿ ಮೆಸಾದ ಒಂದು ಸಣ್ಣ ಕಂಪನಿಯಲ್ಲಿ, ಫೋನಿನಲ್ಲಿ ಮಾತಾಡುವಾಗ ಹಿಂದಿನ ಗದ್ದಲ ಕೇಳಿಸದಂತೆ ಮಾಡುವ ಸಾಫ್ಟ್‌ವೇರ್ ಬರೆಯುತ್ತೇನೆ. ಫ್ಯಾನು, ಟ್ರಾಫಿಕ್, ನಾಯಿ ಬೊಗಳುವುದು, ಮಾತಾಡುವವರ ಉಸಿರು, ಎಲ್ಲವನ್ನೂ ತೆಗೆದು ಬರೀ ದನಿ ಉಳಿಸುವ ಕೆಲಸ. ಹದಿನೈದು ವರ್ಷ ಇದನ್ನೇ ಮಾಡಿದವಳಿಗೆ, ಕೇಳಿಸಿದ್ದೆಲ್ಲ ಎಲ್ಲಿಂದಲೋ ಬಂದೇ ಇರಬೇಕು ಎಂಬ ನಂಬಿಕೆ. ಈಗ ಬರೆಯುತ್ತಿರುವುದು ಎಲ್ಲಿಂದ ಬಂತೆಂದು ಇವತ್ತಿಗೂ ಗೊತ್ತಾಗದ ಒಂದು ಉಸಿರಿನ ಬಗ್ಗೆ. ನಗುವವರು ನಗಲಿ, ನಾನೂ ಬೇಕಾದಷ್ಟು ನಕ್ಕವಳೇ.

೨೦೨೦ರಲ್ಲಿ ಆಫೀಸು ಮುಚ್ಚಿ ನಾವೆಲ್ಲ ಮನೆಯಲ್ಲೇ ಕೂತೆವಲ್ಲ, ಆಗ ನನಗೆ ಪಕ್ಕದ ಮನೆಯ ಹಾಡು ಕೇಳಿಸತೊಡಗಿತು. ಎರಡು ಮನೆಗೂ ನಡುವೆ ಒಂದೇ ಗೋಡೆ. ಪ್ರತಿದಿನ ಮಧ್ಯಾಹ್ನ ನಾಲ್ಕಕ್ಕೆ ಒಬ್ಬ ಹೆಂಗಸು ಹಾಡುತ್ತಿದ್ದಳು. ತಾಳವಿಲ್ಲ, ವಾದ್ಯವಿಲ್ಲ, ಬರೀ ಕೊರಳು. ಮೀಟಿಂಗಿನಲ್ಲಿ ಇದ್ದವರಿಗೆ ಅದು ಕೇಳಿಸುತ್ತಿರಲಿಲ್ಲ, ನಮ್ಮದೇ ಸಾಫ್ಟ್‌ವೇರ್ ಅದನ್ನು ಗದ್ದಲವೆಂದು ತೆಗೆದುಹಾಕುತ್ತಿತ್ತು. ನನಗೆ ಮಾತ್ರ ಕೇಳಿಸುತ್ತಿತ್ತು. ದನಿ ಚೆನ್ನಾಗಿತ್ತು ಎಂದರೆ ಸುಳ್ಳು. ಒರಟಾಗಿತ್ತು, ಅಲ್ಲಲ್ಲಿ ಒಡೆಯುತ್ತಿತ್ತು. ಆದರೂ ಟೈಪ್ ಮಾಡುತ್ತಿದ್ದ ಕೈ ನಿಲ್ಲುತ್ತಿತ್ತು. ಹಾಡು ಏರಿ, ಇಳಿದು, ಇನ್ನೇನು ಮುಗಿಯಬೇಕು ಎನ್ನುವಾಗ ಟಕ್ಕೆಂದು ನಿಂತುಹೋಗುತ್ತಿತ್ತು. ದಿನಾ ಅದೇ ಜಾಗದಲ್ಲಿ.

ಪಕ್ಕದ ಮನೆಯವರು ನೋರಾ. ಎಪ್ಪತ್ತು ದಾಟಿದ ನಿವೃತ್ತ ನರ್ಸ್, ಐರ್ಲೆಂಡಿನಿಂದ ಬಂದು ಬಹಳ ವರ್ಷವಾದವರು. ಬೇಲಿಯ ಆಚೆ ಈಚೆ ಮಾಸ್ಕ್ ಹಾಕಿಕೊಂಡು ನಾವು ಮಾತಾಡತೊಡಗಿದೆವು. ಅವರು ಆಡುತ್ತಿದ್ದುದು ಇಂಗ್ಲಿಷೇ, ಆದರೆ ನನ್ನ ನೆನಪಿನಲ್ಲಿ ಅವರ ಮಾತೆಲ್ಲ ನಮ್ಮ ಗದಗಿನ ಕಡೆಯ ಮಾತಿನಲ್ಲೇ ಉಳಿದಿದೆ. ಹಾಗಾಗಿ ಹಾಗೆಯೇ ಬರೆಯುತ್ತೇನೆ.

ಹಾಡುತ್ತಿದ್ದವಳು ಅವರೂರಿನ ಒಬ್ಬ ಜನಪದ ಗಾಯಕಿ, ಸತ್ತು ಐವತ್ತು ವರ್ಷದ ಮೇಲಾಗಿತ್ತು. ನೋರಾ ಅವಳ ಹೆಸರು ಹೇಳುತ್ತಿರಲಿಲ್ಲ, "ಆಕಿ" ಎಂದಷ್ಟೇ ಅನ್ನುತ್ತಿದ್ದರು. ವೇದಿಕೆ ಹತ್ತಿದವಳಲ್ಲ, ಅಡಿಗೆಮನೆಯಲ್ಲಿ ಹಾಡಿದವಳು. ಯಾರೋ ಹೋಗಿ ಕ್ಯಾಸೆಟ್ಟಿನಲ್ಲಿ ಹಾಡು ತುಂಬಿಕೊಂಡು ಬಂದಿದ್ದರು, ನೋರಾ ದಿನಾ ಹಾಕುತ್ತಿದ್ದುದು ಅದನ್ನೇ. ಆದರೂ ಲಾಸ್ ಏಂಜಲೀಸಿನಿಂದ ಎರಡು ಮೂರು ತಾಸು ಡ್ರೈವ್ ಮಾಡಿಕೊಂಡು ಇಪ್ಪತ್ತು ಇಪ್ಪತ್ತೈದರ ಹುಡುಗ ಹುಡುಗಿಯರು ನೋರಾರ ಮನೆಗೆ ಬಂದು, ನೆಲದ ಮೇಲೆ ಕೂತು ಅವಳನ್ನು ಕೇಳಿ ಹೋಗುತ್ತಿದ್ದರಂತೆ. ಅಂಥದ್ದೇನಿದೆ ಆ ದನಿಯಲ್ಲಿ ಎಂದು ಕೇಳಿದೆ.

"ಆಕಿ ಊರಿಗೆಲ್ಲ ಹಾಡಂಗಿಲ್ಲವ್ವಾ. ಬಾಜೂಕ ಕುಂತಾವರೊಬ್ಬರಿಗೆ ಹಾಡ್ತಾಳ. ಕೇಳಿದವರಿಗೆಲ್ಲ ತಾವ ಆ ಒಬ್ಬರು ಅನಸ್ತದ," ಎಂದರು ನೋರಾ.

ಅವರ ಕಡೆ ಒಂದು ಪದ್ಧತಿ ಇದೆ. ಹಾಡುವವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಪಕ್ಕದಲ್ಲಿದ್ದವರು ಅವರ ಕೈ ಹಿಡಿದು, ಹಾಡಿನುದ್ದಕ್ಕೂ ಮೆಲ್ಲಗೆ ದುಂಡಗೆ ತಿರುಗಿಸುತ್ತಾರೆ. ಕಡೆಯ ಸಾಲನ್ನು ಮಾತ್ರ ಹಾಡುವುದಿಲ್ಲ, ಮಾತಾಡಿದ ಹಾಗೆ ಸುಮ್ಮನೆ ಹೇಳಿಬಿಡುತ್ತಾರೆ. ನೋರಾ ಬೇಲಿಯ ಮೇಲಿಂದ ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದಾಗ ನನಗೆ ನಗು ಬಂತು, ಅಳುವೂ ಬಂತು. ಅದು ನಮ್ಮ ಬೀಸುಕಲ್ಲು! ಊರಿಗೆ ಗಿರಣಿ ಬಂದ ಮೇಲೂ ಬೇಳೆ ಒಡೆಯಲು ನಮ್ಮಜ್ಜಿ ಬೀಸುಕಲ್ಲನ್ನೇ ಹೂಡುತ್ತಿದ್ದಳು. ಅಜ್ಜಿ, ದೊಡ್ಡವ್ವ ಎದುರುಬದುರು ಕೂತು, ಒಂದೇ ಗೂಟವನ್ನು ಹಿಡಿದು ತಿರುಗಿಸುತ್ತಾ ಪದ ಹಾಡುತ್ತಿದ್ದರು. ನಾನು ನಡುವೆ ನುಗ್ಗಿ ಗೂಟ ಹಿಡಿಯುತ್ತಿದ್ದೆ. ಅಜ್ಜಿ ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ತಿರುಗಿಸುತ್ತಿದ್ದಳು. ಇದನ್ನು ಹೇಳಿದಾಗ ನೋರಾ ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು.

ದಿನಾ ಕೇಳುವ ಹಾಡು ಅರ್ಧಕ್ಕೇ ಯಾಕೆ ನಿಲ್ಲುತ್ತದೆ ಎಂಬುದನ್ನು ಅವರು ನನಗೆ ಹೇಳಿದ್ದು ಒಂದು ವರ್ಷದ ಮೇಲೆ. ಆ ಕ್ಯಾಸೆಟ್ ತುಂಬಿಕೊಂಡವರು ಸ್ವತಃ ನೋರಾ. ಆಗ ಅವರಿಗೆ ಹತ್ತೊಂಬತ್ತು. ಎರವಲು ತಂದ ಟೇಪ್‌ರೆಕಾರ್ಡರ್ ಮೇಜಿನ ಮೇಲಿಟ್ಟು, ಗಾಯಕಿಯ ಕೈ ಹಿಡಿದು ಕೂತಿದ್ದರು. ಕಡೆಯ ಸಾಲು ಬರುವ ಮೊದಲೇ ಕ್ಯಾಸೆಟ್ಟಿನ ಒಂದು ಬದಿ ಮುಗಿಯಿತು. ಹುಡುಗಿ ಬುದ್ಧಿ, ಅವರು ಕೈ ಬಿಟ್ಟು ಕ್ಯಾಸೆಟ್ ತಿರುವಿ ಹಾಕಲು ಎದ್ದರು. ಗಾಯಕಿ ಹಾಡು ನಿಲ್ಲಿಸಿ ಕಣ್ಣು ತೆರೆದಳು. ಇವರು ಯಾರೆಂದೇ ಗುರುತಿಲ್ಲದ ಹಾಗೆ ನೋಡಿದಳು. ಕಡೆಯ ಸಾಲು ಹೇಳಲೇ ಇಲ್ಲ. ಮತ್ತೆಂದೂ ಹಾಡಲಿಲ್ಲ, ಆ ಚಳಿಗಾಲದಲ್ಲೇ ಹೋಗಿಬಿಟ್ಟಳು.

"ಹಾಡ್ಕೋತ ಹ್ವಾದಾಕಿ ತಿರುಗಿ ಮನಿಗೆ ಬರಬೇಕಲ್ಲವ್ವಾ. ಅದಕ್ಕ ಕಡೀ ಸಾಲು ಆಡಿ ಹೇಳೂದು. ಅಲ್ಲೀತನಾ ಕೈ ಬಿಡಬಾರದು. ನಾ ಬಿಟ್ಟೆ. ಆಕಿ ಇನ್ನೂ ಅಲ್ಲೇ ಅದಾಳ."

ಆ ಸಾಲು ನಿಮಗೆ ಬರುತ್ತದಲ್ಲ, ನೀವೇ ಹೇಳಿಬಿಡಿ ಎಂದೆ. ನಾ ಹೇಳಿದರ ಆಗಂಗಿಲ್ಲ, ಆಕೀನ ಹೇಳಬೇಕು ಎಂದರು. ಪಾಪ, ಮುದುಕಿಯ ಮನಸ್ಸಿನ ಭಾರ ಎಂದುಕೊಂಡೆ. ಆದರೆ ಅಂದಿನಿಂದ ನಾಲ್ಕು ಗಂಟೆಗೆ ಗೋಡೆಯ ಕಡೆ ಬೆನ್ನು ಹಾಕಿ ಕೂರಲು ನನಗೆ ಆಗುತ್ತಿರಲಿಲ್ಲ.

೨೦೨೨ರಲ್ಲಿ ನೋರಾಗೆ ಕಾಯಿಲೆ ಜೋರಾಯಿತು. ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿರುವ ಮಗಳು ಮೊರೀನ್ ಬಂದು ಕರೆದುಕೊಂಡು ಹೋದಳು. ಹೋಗುವ ಮುಂಚೆ ನೋರಾ ಕ್ಯಾಸೆಟ್ ನನ್ನ ಕೈಗಿಟ್ಟು, ಸವೆದುಹೋಗಿದೆ, ಸ್ವಚ್ಛ ಮಾಡಿಕೊಡು ಎಂದರು. ನನಗೆ ಹೆಮ್ಮೆಯೋ ಹೆಮ್ಮೆ. ಮೂರು ವಾರ ಸಂಜೆಗಳನ್ನೆಲ್ಲ ಅದಕ್ಕೇ ಕೊಟ್ಟೆ. ಟೇಪಿನ ಸುಯ್ಯೆನ್ನುವ ಸದ್ದು, ಒಲೆಯ ಸದ್ದು, ಕುರ್ಚಿಯ ಕಿರಕಿರ ಎಲ್ಲ ತೆಗೆದೆ. ದನಿ ನಿನ್ನೆ ಹಾಡಿದಷ್ಟು ತಿಳಿಯಾಯಿತು.

ಜೂನ್ ತಿಂಗಳ ಒಂದು ಶನಿವಾರ ಹೊರಟೆ. ದಾರಿ ಸ್ವಲ್ಪ ಸುತ್ತಾದರೂ ನಮ್ಮ ದೇಶದವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೋಗಿ ಜೋಳದ ಹಿಟ್ಟು ತಗೊಂಡೆ. ಸ್ಯಾನ್ ಡಿಯಾಗೋದಲ್ಲಿ ಮೋಡ ಕವಿದಿತ್ತು, ವುಡ್‌ಲ್ಯಾಂಡ್ ಹಿಲ್ಸ್ ಮುಟ್ಟಿದಾಗ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವಷ್ಟು ಬಿಸಿಲು. ನೋರಾ ಹಾಸಿಗೆಯಲ್ಲಿ ಹಿಡಿಯಷ್ಟಾಗಿದ್ದರು. ಮೊರೀನ್ ಕಣ್ಣಲ್ಲೇ ಹೇಳಿದಳು, ಇನ್ನು ಕೆಲವೇ ದಿನ ಎಂದು. ನನ್ನನ್ನು ಕೂರಿಸಿ ಅವಳು ಔಷಧಿ ತರಲು ಹೊರಗೆ ಹೋದಳು.

ನಾನು ಲ್ಯಾಪ್‌ಟಾಪಿನಲ್ಲಿ ಹಾಡು ಹಾಕಿದೆ. ನೋರಾ ಒಂದು ನಿಮಿಷ ಕೇಳಿ ಮುಖ ತಿರುಗಿಸಿದರು.

"ಉಸಿರೆಲ್ಲಿ? ಇಕಿ ಉಸಿರಾಡವಲ್ಲಳು. ನೀ ಆಕೀನ ಕೊಂದೀಯಲ್ಲವ್ವಾ."

ಸಾಲು ಸಾಲಿನ ನಡುವಿನ ಉಸಿರನ್ನೆಲ್ಲ ಸಾಫ್ಟ್‌ವೇರ್ ತೆಗೆದುಹಾಕಿತ್ತು. ಅದಕ್ಕೆ ಹಾಗೆ ಕಲಿಸಿದವಳು ನಾನೇ. ನಾಚಿಕೆಯಾಯಿತು. ಹಳೆಯ ಕ್ಯಾಸೆಟ್ಟನ್ನೇ ಅವರ ಪ್ಲೇಯರಿಗೆ ಹಾಕಿದೆ. ಅಭ್ಯಾಸ ಬಲ, ಫೋನಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಕಿಟಕಿಯ ಬಳಿ ಇಟ್ಟೆ. ನೋರಾ ಕೈ ಚಾಚಿದರು. "ಹಿಡಿ. ಟೇಪ್ ನಿಂತರೂ ಬಿಡಬ್ಯಾಡ. ಏನ ಆಗಲಿ, ಬಿಡಬ್ಯಾಡ. ನಿನ್ನ ಕೈಗೆ ಇದು ಗೊತ್ತೈತಿ."

ಹಿಡಿದೆ. ಅವರ ಕೈ ಒಣಗಿದ ಎಲೆಯಂತೆ ಹಗುರವಾಗಿತ್ತು, ಜ್ವರದಿಂದ ಬೆಚ್ಚಗಿತ್ತು. ಹಾಡು ಶುರುವಾಯಿತು, ನನ್ನ ಕೈ ತಾನಾಗಿ ಬೀಸತೊಡಗಿತು. ನೋರಾ ಕಣ್ಣು ಮುಚ್ಚಿದರು. ಹಾಡು ಏರಿತು, ಇಳಿಯಿತು, ಆ ಜಾಗ ಬಂತು, ಟಕ್ಕೆಂದು ನಿಂತಿತು. ಗಡಿಯಾರದಲ್ಲಿ ನಾಲ್ಕು ದಾಟಿತ್ತು, ಕಿಟಕಿಯಲ್ಲಿ ಬಿಸಿಲು ಹೊಡೆಯುತ್ತಿತ್ತು. ನಾನು ಕೈ ತಿರುಗಿಸುತ್ತಲೇ ಇದ್ದೆ.

ಸ್ವಲ್ಪ ಹೊತ್ತಿಗೆ ನೋರಾರ ಬೆರಳು ಸಡಿಲವಾದವು, ಅವರಿಗೆ ಜೊಂಪು ಹತ್ತಿತ್ತು. ಇನ್ನು ಸಾಕು ಎಂದು ನಾನು ತಿರುಗಿಸುವುದನ್ನು ನಿಲ್ಲಿಸಿದೆ. ಕೈ ನಿಲ್ಲಲಿಲ್ಲ.

ಇದನ್ನು ಸರಿಯಾಗಿ ಹೇಳಬೇಕು. ನೋರಾ ತಿರುಗಿಸುತ್ತಿರಲಿಲ್ಲ, ಅವರ ತೋಳು ಮಲಗಿದ ಕೂಸಿನ ತೋಳಿನಂತೆ ಜೋತುಬಿದ್ದಿತ್ತು. ನಾನೂ ತಿರುಗಿಸುತ್ತಿರಲಿಲ್ಲ. ನನ್ನ ಕೈಯ ಮೇಲೆ ಇನ್ನೊಂದು ಭಾರ ಬಂದು ಕೂತಿತ್ತು. ಬೀಸುಕಲ್ಲಿನ ಗೂಟದ ಮೇಲೆ ಅಜ್ಜಿ ಇಡುತ್ತಿದ್ದ ಕೈಯ ಹಾಗೆ. ಆದರೆ ಅಜ್ಜಿಯದಲ್ಲ. ಅಗಲವಾದ, ಒರಟಾದ, ತಣ್ಣಗಿನ ಅಂಗೈ. ಒದ್ದೆಯಾಗಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನೋರಾರ ಕೈ, ನನ್ನ ಕೈ, ಎರಡೇ ಇದ್ದವು. ಅವು ತಿರುಗುತ್ತಿದ್ದವು.

ಹೆದರಿಕೆ ಎಂದರೆ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಿಡಬಾರದು, ಬಿಡಬಾರದು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಆಗ ನನ್ನ ಬಲಗಿವಿಯ ಹತ್ತಿರ, ಬಹಳ ಹತ್ತಿರ, ಯಾರೋ ಉಸಿರು ಎಳೆದುಕೊಂಡರು. ಉಸಿರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಹಾಡುವ ಮುಂಚೆ ಎಳೆಯುವ ಉಸಿರು ಉದ್ದ. ಮಾತಾಡುವ ಮುಂಚಿನದು ಚಿಕ್ಕದು. ಇದು ಚಿಕ್ಕದು.

ನಾನು ಕೈ ಕಿತ್ತುಕೊಂಡೆ. "ಅವ್ವಾ" ಎಂದು ಚೀರಿ, ಕುರ್ಚಿ ಕೆಡವಿ, ಗೋಡೆಗೆ ಹೋಗಿ ಅಂಟಿಕೊಂಡೆ.

ಕೋಣೆಯಲ್ಲಿ ಏನೂ ಇರಲಿಲ್ಲ. ನೋರಾ ಮೆಲ್ಲಗೆ ಕಣ್ಣು ತೆರೆದರು. ನಾನೇನೂ ಹೇಳುವ ಮೊದಲೇ ಕೇಳಿದರು, "ಕೈ ಒದ್ದಿ ಇತ್ತಲ್ಲ?"

ನಾನು ಹೌದೆಂದು ತಲೆ ಆಡಿಸಿದೆ.

"ಆಲೂಗಡ್ಡಿ ತೊಳಕೋತ ನಿಂತಿದ್ಲು ಅವತ್ತು. ಹಂಗ ಬಂದು ಕುಂತು ಹಾಡಿದ್ಲು." ಅವರ ಮುಖದಲ್ಲಿ ಹತ್ತೊಂಬತ್ತರ ಹುಡುಗಿಯ ಆಸೆಯಿತ್ತು. "ಕಡೀ ಸಾಲು ಹೇಳಿದ್ಲೇನು?"

"ಹೇಳಿದ್ಲು," ಎಂದೆ.

ನೋರಾ ನಕ್ಕರು. ಅಷ್ಟು ಹಗುರವಾಗಿ ನಕ್ಕವರನ್ನು ನಾನು ಕಂಡಿಲ್ಲ. ಮಂಗಳವಾರ ಬೆಳಿಗ್ಗೆ ಮೊರೀನ್ ಫೋನ್ ಮಾಡಿದಳು, ಅಮ್ಮ ನಿದ್ದೆಯಲ್ಲೇ ಹೋದಳು ಎಂದು.

ಫೋನಿನ ರೆಕಾರ್ಡಿಂಗನ್ನು ನನ್ನ ಗಂಡನಿಗೆ ಕೇಳಿಸಿದ್ದೇನೆ. ಟೇಪು ನಿಂತ ಸದ್ದು, ಒಂದಿಷ್ಟು ಮೌನ, ಆಮೇಲೆ ಆ ಉಸಿರು, ತಕ್ಷಣ ನನ್ನ ಚೀರಾಟ. "ನಿನ್ನದೇ ಉಸಿರು ಕಣೇ, ಭಯಕ್ಕೆ ಎಳ್ಕೊಂಡಿದ್ದೀಯ. ಆ ಆಲೂಗಡ್ಡೆ ವಿಷಯಾನೂ ಅವರು ಯಾವತ್ತೋ ಹೇಳಿರ್ತಾರೆ, ನೀನು ಮರ್ತಿರ್ತೀಯ," ಎಂದ ಬೆಂಗಳೂರಿನ ನನ್ನ ಗಂಡ. ಇರಬಹುದು. ಬೇರೆ ಯಾರಾದರೂ ಬಂದು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಆ ಮೌನದುದ್ದಕ್ಕೂ ನನ್ನ ಉಸಿರು ಬೇರೆಯೇ ಕೇಳುತ್ತದೆ, ಓಡಿ ಬಂದ ನಾಯಿಯ ಹಾಗೆ ಏದುತ್ತಾ. ನೋರಾರದು ನಿಧಾನವಾಗಿ ಗೊರಗುಟ್ಟುತ್ತದೆ. ಇನ್ನೊಂದು ಯಾರದ್ದೆಂದು ನನಗೆ ಗೊತ್ತಿಲ್ಲ. ಅಳೆದು ನೋಡಲು ಬೇಕಾದ ಸಾಧನವೆಲ್ಲ ಆಫೀಸಿನಲ್ಲಿದೆ. ಧೈರ್ಯ ಮಾತ್ರ ಇಲ್ಲ.

ಕ್ಯಾಸೆಟ್ ಈಗ ನನ್ನ ಹತ್ತಿರವೇ ಇದೆ. ನನಗೇ ಸೇರಬೇಕೆಂದು ನೋರಾ ಹೇಳಿ ಹೋಗಿದ್ದರಂತೆ, ಮೊರೀನ್ ಕಳಿಸಿಕೊಟ್ಟಳು. ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಎಸೆಯಲಾರೆ, ಹಾಕಿ ಕೇಳಲಾರೆ. ನಾಲ್ಕು ಗಂಟೆಗೆ ಮನೆಯಲ್ಲಿದ್ದರೆ ಏನಾದರೂ ನೆಪ ಮಾಡಿ ಹೊರಗೆ ಹೋಗುತ್ತೇನೆ. ಸಾಯುವವರಿಗೆ ಒಂದು ಸುಳ್ಳು ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅವತ್ತು ಆ ಕೋಣೆಯಲ್ಲಿ ನನ್ನ ಸುಳ್ಳನ್ನು ನೋರಾ ಒಬ್ಬರೇ ಕೇಳಿಸಿಕೊಂಡರೇ ಎಂಬುದು ನನ್ನನ್ನು ಇವತ್ತಿಗೂ ಹೆದರಿಸುತ್ತದೆ. ಮನೆಗೆ ಮರಳಲು ಹೊರಟವಳ ಕೈಯನ್ನು ಎರಡು ಸಲ ಬಿಟ್ಟಿದ್ದಾರೆ. ಮೊದಲ ಸಲ ಬಿಟ್ಟವಳು ತಿಳಿಯದ ಹುಡುಗಿ. ಎರಡನೆಯವಳು ಎಲ್ಲ ತಿಳಿದ ನಾನು.

ರೆಕಾರ್ಡಿಂಗ್ ಇದೆಯಾ ಎಂದು ನೀವು ಕೇಳಿದರೆ, ಇದೆ. ಒಳಗೆ ಎಳೆದುಕೊಂಡ ಉಸಿರು ಇದೆ. ಹೊರಗೆ ಬಿಟ್ಟದ್ದು ಇಲ್ಲ.